ಗೊತ್ತಿಲ್ಲ ಎನ್ನುವುದರ ಬಣ್ಣ

ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳ ಕೆನ್ನೆಯೊಳಗೆ ಕ್ಯಾನ್ಸರ್ ಗೆಡ್ಡೆಯ ಚೂರೊಂದು ಉಳಿದಿತ್ತು. ಯಂತ್ರಕ್ಕೆ ಅದು ಕಂಡಿತ್ತು. ಪರದೆಯ ಮೇಲೆ ಬಾರದ ಹಾಗೆ ಕಂಪನಿಯವರು ಅದನ್ನು ಅಳಿಸಿದ್ದರು. ಆಪರೇಷನ್ ಮಾಡುವ ಡಾಕ್ಟರಿಗೆ ಹೇಳಿರಲಿಲ್ಲ, ಯಂತ್ರ ಕಟ್ಟಿದವಳಿಗೂ ಹೇಳಿರಲಿಲ್ಲ. ಡಾಕ್ಟರು ಪರದೆ ನೋಡಿದ, ಎಲ್ಲ ಕಪ್ಪಗಿತ್ತು, ಹೊಲಿಗೆ ಹಾಕಿದ.

ಆ ಡಾಕ್ಟರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬೆನ್ನ ಹಿಂದೆ ಭಾವ ಎನ್ನುತ್ತಿದ್ದರು. ಹೆಡ್ ಸಿಸ್ಟರಿಗೆ ಅವನು ಭಾವನಾಗಬೇಕಾಗಿರಲಿಲ್ಲ, ಲಿಫ್ಟಿನವನಿಗಂತೂ ಮೊದಲೇ ಇಲ್ಲ. ಯಂತ್ರ ಕಟ್ಟಿದವಳು ಅವನ ಹೆಂಡತಿಯ ತಂಗಿ. ಆಪರೇಷನ್ ಥಿಯೇಟರಿನಲ್ಲಿ ಅಷ್ಟು ಜನರ ಮುಂದೆ, “ಭಾವ, ತಲೆ ಸ್ವಲ್ಪ ಆಚೆ ಇಟ್ಕೊಳಿ, ನಿಮ್ಮ ನೆರಳು ಬೀಳ್ತಿದೆ” ಎಂದು ಅವಳು ಬಾಯಿತಪ್ಪಿ ಅಂದ ದಿನವೇ ಆ ಹೆಸರು ಅಂಟಿತು. ಅವಳಿಗೆ ಟಾರ್ಚಮ್ಮ ಎಂದು ಹೆಸರಿಟ್ಟವನು ಅವನೇ ಆದ್ದರಿಂದ ತಕರಾರು ತೆಗೆಯುವ ಮುಖ ಅವನಿಗಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಹೆಂಡತಿಯ ತವರಿಗೆ ಊಟಕ್ಕೆ ಹೋಗಿದ್ದ. ಸಂಜೆ ಕರೆಂಟು ಹೋಯಿತು. ಹೊಸ ಅಳಿಯ ಕತ್ತಲಲ್ಲಿ ಕೂತನಲ್ಲ ಎಂದು ಮನೆಯವರೆಲ್ಲ ಪರದಾಡುತ್ತಿದ್ದಾಗ, ಕಾಲೇಜು ಓದುತ್ತಿದ್ದ ಈ ಹುಡುಗಿ ಪುಟ್ಟ ಟಾರ್ಚೊಂದನ್ನು ಬಾಯೊಳಗೆ ಇಟ್ಟುಕೊಂಡು ಬಂದು ಅವನೆದುರು ಕೂತಳು. ಎರಡೂ ಕೆನ್ನೆ ಕೆಂಡದ ಹಾಗೆ ಕೆಂಪಗೆ ಕಾಣುತ್ತಿದ್ದವು. ಟಾರ್ಚು ತೆಗೆದು, ಲಂಗಕ್ಕೆ ಒರೆಸಿ, ಕೇಳಿದಳು:

“ನೀವು ಡಾಕ್ಟರಲ್ವಾ ಭಾವ? ಒಳಗೆ ಹಾಕಿದ್ದು ಬಿಳಿ ಬೆಳಕು. ಆಚೆ ಕೆಂಪು ಮಾತ್ರ ಬಂತು. ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯ್ತು?”

“ರಕ್ತ ಕುಡೀತು.”

“ಎಷ್ಟು ಕುಡೀತು?”

ಅಷ್ಟೊಂದು ವರ್ಷ ವೈದ್ಯಕೀಯ ಓದಿದವನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. “ಟಾರ್ಚಮ್ಮ, ಊಟ ಮಾಡೋಕೆ ಬಿಡ್ತೀಯಾ” ಎಂದ. ಮನೆಯವರು ನಕ್ಕರು. ಅವಳು ನಗಲಿಲ್ಲ, ಉತ್ತರ ಬರಲಿಲ್ಲ ಎಂದು ಮುಖ ಊದಿಸಿಕೊಂಡು ಎದ್ದು ಹೋದಳು.

ಮುಂದೆ ಅವಳು ಓದಿದ್ದೇ ಬೆಳಕನ್ನು. ಲೆನ್ಸು, ಲೇಸರು, ಕನ್ನಡಿ ಎಂದು ಕಿಟಕಿಯಿಲ್ಲದ ಕೋಣೆಗಳಲ್ಲಿ ವರ್ಷಗಟ್ಟಲೆ ಕೂತು, ಡಾಕ್ಟರೇಟು ಮುಗಿಸಿ, ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಹಿಡಿದು ಅಕ್ಕನ ಮನೆಯ ಮಹಡಿ ಕೋಣೆಗೆ ಬಂದಿಳಿದಳು. ಅವಳ ಮದುವೆಯ ಮಾತೆತ್ತಿದವರಿಗೆ ಅಕ್ಕನೇ ಉತ್ತರ ಕೊಡುತ್ತಿದ್ದಳು. “ಹಾಡಹಗಲಲ್ಲಿ ಕಿಟಕಿಗೆ ಕಪ್ಪು ಬಟ್ಟೆ ಕಟ್ಕೊಂಡು ಕೂರೋಳನ್ನ ಯಾರ್ರೀ ಕಟ್ಕೊಳ್ತಾರೆ. ನೋಡೋಕೆ ಬಂದವನು ಹೊಸ್ತಿಲು ಎಡವಿ ಬೀಳ್ತಾನೆ, ಅಷ್ಟೆ.”

ಒಂದು ಭಾನುವಾರ ಊಟದ ಮೇಜಿನಲ್ಲಿ ಟಾರ್ಚಮ್ಮ ಮತ್ತೆ ಶುರು ಮಾಡಿದಳು.

“ಭಾವ, ಗೆಡ್ಡೆ ಇಲ್ಲಿಗೆ ಮುಗೀತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

ಭಾವ ಊಟದ ಕೈಯ ತೋರುಬೆರಳನ್ನು ಎತ್ತಿ ತೋರಿಸಿದ. “ಇದು ಹೇಳುತ್ತೆ. ಗೆಡ್ಡೆ ಗಟ್ಟಿ, ಒಳ್ಳೆ ಮಾಂಸ ಮೆತ್ತಗೆ.”

“ಬೆರಳು ತಪ್ಪು ಹೇಳಿದ್ರೆ?”

“ಮತ್ತೆ ಬರ್ತಾರೆ.”

“ಬರದೇ ಇದ್ರೆ?”

ಅಕ್ಕ ಪಾತ್ರೆಯನ್ನು ಮೇಜಿಗೆ ಕುಕ್ಕಿದಳು. “ತುತ್ತು ಬಾಯಿಗಿಡೋ ಹೊತ್ತಲ್ಲಿ ಇದೇನು ಮಾತು ನಿಮ್ಮಿಬ್ಬರದ್ದು.” ಭಾವ ತಲೆ ತಗ್ಗಿಸಿ ಉಂಡ. ಬಾರದೇ ಹೋದವರ ಮುಖಗಳು ಅವನಿಗೆ ಗೊತ್ತಿದ್ದವು. ಊಟದ ಮೇಜಿನವರೆಗೂ ಅವುಗಳನ್ನು ಯಾರೂ ತಂದಿರಲಿಲ್ಲ, ಅಷ್ಟೆ.

ಮರುವಾರ ಟಾರ್ಚಮ್ಮ ಥಿಯೇಟರಿನ ಮೂಲೆಯ ಸ್ಟೂಲಿನ ಮೇಲೆ ನಿಂತಿದ್ದಳು. ಹಸಿರು ಗೌನು ಅವಳಿಗೆ ದೊಡ್ಡದಾಗಿ ನೆಲ ಗುಡಿಸುತ್ತಿತ್ತು. ತಲೆ ಸುತ್ತಿ ಬೀಳುತ್ತಾಳೆ ಎಂದು ಅರಿವಳಿಕೆಯವರು ಪಂದ್ಯ ಕಟ್ಟಿದ್ದರು. ಬೀಳಲಿಲ್ಲ. ಆಪರೇಷನ್ ಮುಗಿದ ಮೇಲೆ ಭಾವ ಕತ್ತರಿಸಿದ ತುಂಡು ಬಟ್ಟಲಿನಲ್ಲಿ ಪರೀಕ್ಷೆಗೆ ಹೊರಟಾಗ, ಅದರ ಹಿಂದೆಯೇ ಕೆಳಮಹಡಿಯ ಲ್ಯಾಬಿಗೆ ಇಳಿದು ಹೋದಳು. ಅಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತ ಮುದುಕ ಡಾಕ್ಟರು ತುಂಡಿನ ಅಂಚಿಗೆ ಗೆಡ್ಡೆ ತಾಗಿದೆಯೋ ಇಲ್ಲವೋ ಎಂದು ಹೇಳುವುದು ಹೊಲಿಗೆ ಹಾಕಿ ಎಷ್ಟೋ ದಿನಗಳಾದ ಮೇಲೆ ಎಂಬುದನ್ನು ತಿಳಿದುಕೊಂಡು ಮೇಲೆ ಬಂದಳು.

“ಇದ್ಯಾವ ನ್ಯಾಯ ಭಾವ? ಬಾಗಿಲು ಹಾಕಿ ಬೀಗ ಜಡಿದ ಮೇಲೆ ಒಳಗೆ ಕಳ್ಳ ಇದ್ದಾನೆ ಅಂತಾರಲ್ಲ.”

“ಹಂಗಾದ್ರೆ ನೀನೇ ಹಿಡಿ ಕಳ್ಳನ್ನ.”

ಆ ಮಾತನ್ನು ಅವನು ಗೇಲಿಗೆ ಆಡಿದ್ದು. ಅವಳು ಅದನ್ನು ಕೆಲಸವೆಂದು ಎತ್ತಿಕೊಂಡಳು, ಮತ್ತೆ ಕೆಳಗಿಡಲಿಲ್ಲ.

ಜನ ಅವಳನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರಿಗಮ್ಮ ಕ್ಯಾನ್ಸರ್ ಆಗಿತ್ತು? ಅವಳ ಉತ್ತರವೂ ಒಂದೇ: “ಯಾರಿಗೂ ಇಲ್ಲ. ನಮ್ಮ ಮನೇಲಿ ಎಲ್ಲರೂ ಸಿಟ್ಟಿಗೆ ಸತ್ತವರು.” ಸ್ವಂತ ಸಂಕಟವಿಲ್ಲದೆ ಇನ್ನೊಬ್ಬರ ಸಂಕಟಕ್ಕೆ ಯಾರಾದರೂ ಮೈ ಬಗ್ಗಿಸುತ್ತಾರೆ ಎಂಬುದನ್ನು ಜನ ನಂಬುವುದಿಲ್ಲ. ಅವಳಿಗೆ ಅದನ್ನು ನಂಬಿಸುವ ಹಟವೂ ಇರಲಿಲ್ಲ.

ಮೊದಲ ಯಂತ್ರ ನೀಲಿ ಬೆಳಕಿನದು. ನೀಲಿ ಬೆಳಕು ಚೆಲ್ಲಿದರೆ ಬಾಯೊಳಗಿನ ಒಳ್ಳೆಯ ಚರ್ಮ ತಾನಾಗಿ ಹಸಿರಾಗಿ ಮಿನುಗುತ್ತದೆ, ಗೆಡ್ಡೆಯಿರುವಲ್ಲಿ ಮಂಕಾಗುತ್ತದೆ. ಪ್ರಯೋಗಾಲಯದಲ್ಲಿ ಅದು ಅದ್ಭುತವಾಗಿ ನಡೆದಿತ್ತು. ಥಿಯೇಟರಿಗೆ ತಂದು ದೀಪ ಆರಿಸಿ ಗುಂಡಿ ಒತ್ತಿದಳು ನೋಡಿ, ರೋಗಿಯ ಬಾಯಿ ಬಿಟ್ಟು ಉಳಿದದ್ದೆಲ್ಲ ಹೊಳೆಯಿತು. ಹೊದಿಸಿದ ಬಟ್ಟೆ ಹೊಳೆಯಿತು, ಗೌನುಗಳು ಹೊಳೆದವು, ಹೆಡ್ ಸಿಸ್ಟರಿನ ಮಾಸ್ಕು ಬೆಳದಿಂಗಳಾಯಿತು.

“ಏನೇ ಇದು,” ಭಾವ ಕತ್ತಲಲ್ಲಿ ಕೈಯೆತ್ತಿ ನಿಂತು ಕೇಳಿದ, “ನಮ್ಮ ಬಟ್ಟೆಬರೆಯೆಲ್ಲ ಆರೋಗ್ಯವಾಗಿರೋ ಹಾಗಿದೆಯಲ್ಲ. ರೋಗಿಗೆ ಮಾತ್ರ ಬಾಯಿತುಂಬ ಕ್ಯಾನ್ಸರ್.”

ಥಿಯೇಟರಿಗೆ ಥಿಯೇಟರೇ ನಕ್ಕಿತು. ಅವಳು ತನ್ನ ಪೆಟ್ಟಿಗೆ ಮುಚ್ಚಿದಳು. ಆಮೇಲೆ ಅವಳು ಹೋದದ್ದು ಪ್ರಯೋಗಾಲಯಕ್ಕಲ್ಲ, ಆಸ್ಪತ್ರೆಯ ಹಿಂದಿನ ಬಟ್ಟೆ ಒಗೆಯುವ ಕೋಣೆಗೆ. ಬಟ್ಟೆ ಬೆಳ್ಳಗಾಗಲಿ ಎಂದು ಸೋಪಿನ ಪುಡಿಯಲ್ಲಿ ಬೆರೆಸುವ ಮದ್ದು ನೀಲಿ ಬೆಳಕಿಗೆ ಹೊಳೆಯುತ್ತದೆ. ತಾನು ಓದಿದ್ದೇ ಅದನ್ನು. ತನ್ನ ಪ್ರಯೋಗಾಲಯದಲ್ಲಿ ಒಗೆದ ಬಟ್ಟೆ ಎಂಬುದೇ ಇರಲಿಲ್ಲವಾದ್ದರಿಂದ ಅದು ತಲೆಗೆ ಹೊಳೆದಿರಲಿಲ್ಲ. ಅಂದಿನಿಂದ ಅವಳು ಯಾವ ಆಸ್ಪತ್ರೆಗೆ ಕಾಲಿಟ್ಟರೂ ಮೊದಲು ಕೇಳುತ್ತಿದ್ದುದು ಒಗೆಯುವ ಸೋಪು ಯಾವುದು ಎಂದು. ಇವಳಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಎಷ್ಟೋ ಕಡೆ ಮೂಗು ಮುರಿದರು.

ನೀಲಿ ಆಳಕ್ಕೆ ಇಳಿಯುವುದಿಲ್ಲ, ರಕ್ತ ಅದನ್ನು ಕುಡಿದುಬಿಡುತ್ತದೆ. ಕೆಂಪು ಇಳಿಯುತ್ತದೆ. ಹಾಗಾಗಿ ಅವಳು ನೀಲಿ ಬಿಟ್ಟಳು. ಆಪರೇಷನ್ನಿಗೆ ಮುಂಚೆ ರಕ್ತದ ಮೂಲಕ ಒಂದು ಬಣ್ಣ ಕೊಡುವುದು, ಅದು ಗೆಡ್ಡೆಗೆ ಹೋಗಿ ಅಂಟುವಂತೆ ಮಾಡುವುದು, ಗಾಢ ಕೆಂಪು ಬೆಳಕು ಬಿಟ್ಟಾಗ ಕಣ್ಣಿಗೆ ಕಾಣದ ಹೊಳಪೊಂದು ಅಲ್ಲಿಂದ ಹೊರಬರುವುದು, ಅದನ್ನು ಕ್ಯಾಮೆರಾ ಹಿಡಿದು ಪರದೆಯ ಮೇಲೆ ಹಸಿರಾಗಿ ಬರೆಯುವುದು. ಹೇಳಿದರೆ ಒಂದು ಉಸಿರಿನ ಮಾತು. ಮಾಡುವಷ್ಟರಲ್ಲಿ ಅವಳ ಮುಂದಲೆಯ ಕೂದಲು ಬೆಳ್ಳಗಾಯಿತು.

ಥಿಯೇಟರಿನ ದೊಡ್ಡ ದೀಪ ಆ ಮಂದ ಹೊಳಪನ್ನು ನುಂಗಿಹಾಕುತ್ತಿತ್ತು. ದೀಪ ಆರಿಸಿ ಎಂದರೆ ಭಾವ ಕೇಳುತ್ತಿದ್ದ, “ಕತ್ತಲಲ್ಲಿ ಕತ್ತಿ ಆಡಿಸು ಅಂತೀಯಲ್ಲ, ನಾನೇನು ದರೋಡೆಕೋರನಾ?” ಅದಕ್ಕೆ ಅವಳೊಂದು ಉಪಾಯ ಕಂಡುಕೊಂಡಳು. ಉರಿಯುತ್ತಿರುವಂತೆ ಕಾಣುವ ಆ ದೀಪ ನಿಜದಲ್ಲಿ ಕಣ್ಣಿಗೆ ತಿಳಿಯದಷ್ಟು ಬೇಗಬೇಗ ಆರಿ ಹೊತ್ತಿಕೊಳ್ಳುತ್ತಿರುತ್ತದೆ. ಆರಿದ ಆ ಕ್ಷಣಗಳಲ್ಲಿ ಮಾತ್ರ ಅವಳ ಕ್ಯಾಮೆರಾ ಕಣ್ಣು ತೆರೆಯುತ್ತಿತ್ತು. ಡಾಕ್ಟರಿಗೆ ಪೂರ್ತಿ ಬೆಳಕು, ಕ್ಯಾಮೆರಾಗೆ ಪೂರ್ತಿ ಕತ್ತಲು, ಎರಡೂ ಒಂದೇ ಕೋಣೆಯಲ್ಲಿ. ಭಾವ ಅಂದು ಮನೆಗೆ ಬಂದು ಹೆಂಡತಿಗೆ, “ನಿನ್ನ ತಂಗಿ ಮನುಷ್ಯಳಲ್ಲ ಕಣೇ” ಎಂದ. “ಈಗ ಗೊತ್ತಾಯ್ತಾ” ಎಂದು ಅಕ್ಕ ಬಟ್ಟೆ ಮಡಚುತ್ತಲೇ ಅಂದಳು.

ದುಡ್ಡು ಕೊಡುವ ಸಮಿತಿಯವರ ಮುಂದೆ ಅವಳು ಎಷ್ಟು ಸಲ ನಿಂತಳೋ. ಒಮ್ಮೆ ಒಬ್ಬ ದೊಡ್ಡ ಮನುಷ್ಯ ಕೇಳಿದ್ದ, ನಿಮ್ಮ ರೋಗಿಗಳೆಲ್ಲ ಜನರಲ್ ವಾರ್ಡಿನವರು, ತಡವಾಗಿ ಬರುವವರು, ಅವರಿಗೆ ಇಷ್ಟು ಸೂಕ್ಷ್ಮ ಬೇಕೇನಮ್ಮಾ ಎಂದು. ಅವಳು ಅಂದಿದ್ದಳು, “ಸರ್, ನಿಮ್ಮ ಕನ್ನಡಕ ಒಂದು ನಿಮಿಷ ಕೊಡ್ತೀರಾ? ನಿಮಗೂ ಅಷ್ಟೇನೂ ಸೂಕ್ಷ್ಮ ಬೇಡ ಅನ್ನಿಸ್ತಿದೆ ನನಗೆ.” ಆ ವರ್ಷ ದುಡ್ಡು ಬರಲಿಲ್ಲ. ಸಂಸ್ಥೆಯ ಹಳೆಯ ಯಂತ್ರಗಳಿಂದ ಲೆನ್ಸು ಬಿಚ್ಚಿ, ಆಸ್ಪತ್ರೆಯ ಊಟದ ತಳ್ಳುಗಾಡಿಯ ಮೇಲೆ ತನ್ನ ಯಂತ್ರವನ್ನು ಕೂರಿಸಿದಳು. ಅದರ ಒಂದು ಚಕ್ರ ಕಿರ್ ಎನ್ನುತ್ತಿತ್ತು. ಟಾರ್ಚಮ್ಮ ಬಂದಳು ಎಂದು ವಾರ್ಡಿಗೆ ಗೊತ್ತಾಗುತ್ತಿದ್ದುದು ಆ ಸದ್ದಿನಿಂದ.

ಪ್ರತಿ ಆಪರೇಷನ್ನಿಗೆ ಮುಂಚೆ ಅವಳದೊಂದು ನೇಮವಿತ್ತು. ಅಂಗೈಯಗಲದ ಕಪ್ಪು ಹಲಗೆ, ಅದರಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿ. ಮೊದಲ ಗುಳಿಯಲ್ಲಿ ಬಣ್ಣ ದಟ್ಟ, ಮುಂದಿನದರಲ್ಲಿ ಕಡಿಮೆ, ಕೊನೆಯದರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು. ಬೊಟ್ಟಿನ ಹಲಗೆ ಎಂದು ಅದಕ್ಕೆ ಹೆಸರಾಗಿತ್ತು. ಅದನ್ನು ಕ್ಯಾಮೆರಾದ ಕೆಳಗಿಟ್ಟು, ಕೊನೆಯ ಬೊಟ್ಟು ಪರದೆಯಲ್ಲಿ ತನ್ನ ಕಣ್ಣಿಗೆ ಕಂಡ ಮೇಲೆ “ತಯಾರು” ಅನ್ನುತ್ತಿದ್ದಳು. ಅವಳು ತಯಾರು ಅನ್ನುವವರೆಗೆ ಅರಿವಳಿಕೆಯವರು ಸೂಜಿ ಮುಟ್ಟುತ್ತಿರಲಿಲ್ಲ. ಯಾವ ಕಾನೂನಿನಲ್ಲೂ ಇಲ್ಲದ ಈ ಪದ್ಧತಿ ಅವಳೊಬ್ಬಳ ಹಟದಿಂದ ಆ ಥಿಯೇಟರಿನ ಕಟ್ಟಳೆಯಾಗಿಹೋಯಿತು.

ಭಾವನಿಗೆ ಒಂದೇ ಒಂದು ದೂರಿತ್ತು. ಪರದೆ ಚೊಕ್ಕಟವಾಗಿರಲಿಲ್ಲ. ಗೆಡ್ಡೆ ಹಸಿರು, ಒಳ್ಳೆಯ ಮಾಂಸ ಕಪ್ಪು, ಸರಿ. ಇವೆರಡರ ನಡುವೆ ಮಂಜಿನಂಥ ಬೂದು ಮಸುಕು ಹರಡಿರುತ್ತಿತ್ತು.

“ಈ ಮಂಜು ತೆಗಿಯೇ ತಾಯಿ. ಕತ್ತರಿಸಲೋ ಬಿಡಲೋ ಅಂತ ಹೇಳು. ಮಧ್ಯದಲ್ಲಿ ನಿಲ್ಲಿಸಬೇಡ ನನ್ನ.”

“ತೆಗೀಬಹುದು ಭಾವ. ಒಂದು ಗುಂಡಿ ತಿರುಗಿಸಿದ್ರೆ ಹೋಗುತ್ತೆ.”

“ಮತ್ತೆ ತಿರುಗಿಸು.”

“ಅದರಲ್ಲಿ ಅರ್ಧ ಊತ, ಬಾವು, ಸುಳ್ಳು ಹೊಳಪು. ಇನ್ನರ್ಧ ಚರ್ಮದ ಅಡಿಗೆ ಅವಿತಿರೋ ಗೆಡ್ಡೆ. ಯಾವುದು ಯಾವುದು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದಕ್ಕೂ ಒಂದು ಬಣ್ಣ ಬೇಕಲ್ಲ. ಅದು ಇದು.”

“ಗೊತ್ತಿಲ್ಲ ಅನ್ನೋ ಯಂತ್ರ ಇಟ್ಕೊಂಡು ನಾನೇನು ಮಾಡಲಿ?”

“ಬೆರಳಿಡಿ. ಅನುಮಾನ ಬಂದ್ರೆ ಚೂರು ತೆಗೆದು ಕೆಳಗೆ ಕಳಿಸಿ. ಅಷ್ಟಕ್ಕೇ ಅದು ಇರೋದು.”

ಅವನು ಗೊಣಗುತ್ತ ನಡೆದ. ಗೊಣಗು ನಿಂತದ್ದು ಗಾರೆ ಕೆಲಸದ ಒಬ್ಬನ ದವಡೆಯ ಆಪರೇಷನ್ನಿನ ದಿನ. ಹಸಿರಿದ್ದಷ್ಟನ್ನೂ ಕತ್ತರಿಸಿ ಆಗಿತ್ತು. ಬೆರಳೂ ಮುಗೀತು ಅಂದಿತ್ತು. ಹಿಂದಿನ ಹಲ್ಲಿನ ಬುಡದಲ್ಲಿ ಉಗುರಿನಷ್ಟು ಮಸುಕು ಮಾತ್ರ ಉಳಿದಿತ್ತು. “ಅಲ್ಲೇನೂ ಇಲ್ಲ” ಎಂದ ಭಾವ. “ಇರಬಹುದು” ಎಂದಳು ಟಾರ್ಚಮ್ಮ. ಇವಳ ಬಾಯಿ ಮುಚ್ಚಿಸಲೆಂದೇ ಅವನು ಚೂರು ತೆಗೆದು ಕೆಳಗೆ ಕಳಿಸಿ, ಸಣ್ಣ ಚೂರುಗಳನ್ನು ಹೆಪ್ಪುಗಟ್ಟಿಸಿ ಆಗಲೇ ನೋಡುವ ತುರ್ತು ಪರೀಕ್ಷೆಗೆ ಹೇಳಿ, ಕಾದು ನಿಂತ. ಕೆಳಗಿನಿಂದ ಮುದುಕ ಡಾಕ್ಟರ ಫೋನು ಬಂತು. ಹೆಡ್ ಸಿಸ್ಟರ್ ಫೋನನ್ನು ಭಾವನ ಕಿವಿಗೆ ಹಿಡಿದಳು. ಅವನು ಕೇಳಿಸಿಕೊಂಡು ಮತ್ತೆ ಕತ್ತಿ ಕೇಳಿದ. ಆ ಗಾರೆಯವನು ಈಗಲೂ ಆಸ್ಪತ್ರೆಯ ಗೋಡೆಗೆ ಸುಣ್ಣ ಹೊಡೆಯಲು ಬರುತ್ತಾನೆ, ಬಂದಾಗಲೆಲ್ಲ ವಕ್ರ ಬಾಯಲ್ಲಿ ನಗುತ್ತಾನೆ. ಎಷ್ಟು ಬಾಯಿಗಳನ್ನು, ಎಷ್ಟು ನಾಲಿಗೆಗಳನ್ನು ಆ ಕಿರುಗುಟ್ಟುವ ಗಾಡಿ ಉಳಿಸಿತು ಎಂದು ಭಾವನಿಗೆ ಗೊತ್ತು. ನಾದಿನಿಯ ಎದುರಿಗೆ ಅದನ್ನು ಅವನು ಒಮ್ಮೆಯೂ ಹೇಳಲಿಲ್ಲ. ಥಿಯೇಟರಿಗೆ ಅವಳು ಬಂದಾಗ ಎದ್ದು ಸ್ಟೂಲು ತಾನೇ ಎಳೆದು ಕೊಡುತ್ತಿದ್ದ, ಅದೇ ಅವನ ಭಾಷೆ.

ಒಂದು ಗಾಡಿ ಒಂದೇ ಆಸ್ಪತ್ರೆಗೆ ಸಾಕು. ಬೇರೆ ಊರುಗಳಿಂದ ನಮಗೂ ಬೇಕು ಎಂಬ ಕೂಗು ಬಂದಾಗ ಕಂಪನಿ ಬಂತು. ಕಂಪನಿಯ ಪರವಾಗಿ ಬಂದು ಹೋಗುತ್ತಿದ್ದ ಇಂಜಿನಿಯರನನ್ನು ಟೈ ಎಂದೇ ಎಲ್ಲರೂ ಕರೆಯುತ್ತಿದ್ದರು. ಥಿಯೇಟರಿನ ಗೌನಿನೊಳಗೂ ಅವನ ಕುತ್ತಿಗೆಯಲ್ಲಿ ಟೈ ಇಣುಕುತ್ತಿತ್ತು. ಸಂಸ್ಥೆ ಯಂತ್ರದ ಹಕ್ಕನ್ನು ಕಂಪನಿಗೆ ಕೊಟ್ಟಿತು. ಟಾರ್ಚಮ್ಮನನ್ನು ಸಲಹೆಗಾರ್ತಿ ಎಂದು ಕರೆದರು. ಹಳೆಯ ಗಾಡಿಯನ್ನು ಬಿಡಿಭಾಗಗಳಿಗೆಂದು ಬಿಚ್ಚಿ ಒಯ್ದರು. ಹೊಸ ಯಂತ್ರ ಬೆಳ್ಳಗೆ, ನುಣ್ಣಗೆ, ಸದ್ದಿಲ್ಲದೆ ಜಾರಿಕೊಂಡು ಬಂತು. ಬೊಟ್ಟಿನ ಹಲಗೆ ಇನ್ನು ಬೇಡ, ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಹಸಿರು ಗುರುತು ತೋರಿಸುತ್ತದೆ ಎಂದು ಟೈ ಹೇಳಿದ. ಆ ತಿಂಗಳುಗಳಲ್ಲಿ ಟಾರ್ಚಮ್ಮ ಯಂತ್ರ ಇನ್ನೂ ಬಾರದ ಬೇರೆ ಬೇರೆ ಊರುಗಳ ಡಾಕ್ಟರುಗಳಿಗೆ ಹಳೆಯ ಗಾಡಿಯ ಚಿತ್ರ ತೋರಿಸಿ ಕಲಿಸುತ್ತ ತಿರುಗುತ್ತಿದ್ದಳು. ಇಲ್ಲಿ ಪರದೆಯಿಂದ ಮಂಜು ಹೋಗಿತ್ತು. ಹಸಿರು, ಕಪ್ಪು, ಎರಡೇ. ಭಾವನ ಕೈ ಸರಾಗವಾಯಿತು, ಆಪರೇಷನ್ನುಗಳು ಬೇಗ ಮುಗಿಯತೊಡಗಿದವು. ನಾದಿನಿ ಕೊನೆಗೂ ತನ್ನ ಮಾತು ಕೇಳಿದಳು ಎಂದುಕೊಂಡ.

ಹೊಲಿಗೆಯ ಹೆಂಗಸಿನ ಆಪರೇಷನ್ ನಡೆದದ್ದು ಆಗ.

ಅವಳು ಮತ್ತೆ ಬಂದು ಅವನೆದುರಿನ ಕುರ್ಚಿಯಲ್ಲಿ ಕೂತು, ಸೆರಗು ಸರಿಸಿ ಕೆನ್ನೆ ತೋರಿಸಿದಾಗ ಭಾವ ಕೈಗವಸು ಹಾಕಿಕೊಂಡ. ಬೆರಳಿಟ್ಟು ನೋಡಿದ. ಗಟ್ಟಿ. ಸಂಜೆ ಮನೆಗೆ ಬಂದವನೇ, ಅದೇ ದಿನ ಊರಿಗೆ ಮರಳಿದ್ದ ನಾದಿನಿಯ ಮೇಲೆ ಹರಿಹಾಯ್ದ.

“ನಿನ್ನ ಪರದೆ ನಂಬಿ ಹೊಲಿದೆ. ಎಲ್ಲಿ ಹೋಗಿತ್ತು ನಿನ್ನ ಮಸುಕು ಅವತ್ತು?”

“ಎಷ್ಟಿತ್ತು ಮಸುಕು?”

“ಇರಲೇ ಇಲ್ಲ. ನೀನೇ ತೆಗೆದೆಯಲ್ಲ.”

ಅವಳು ಕಾಫಿಯ ಲೋಟ ಕೆಳಗಿಟ್ಟಳು. “ನಾನು ತೆಗೆದಿಲ್ಲ ಭಾವ.”

ಬೆಳಿಗ್ಗೆ ಬೊಟ್ಟಿನ ಹಲಗೆ ಹಿಡಿದು ಇಬ್ಬರೂ ಥಿಯೇಟರಿಗೆ ಹೋದರು. ಯಂತ್ರ ಹಸಿರು ಗುರುತು ತೋರಿಸಿ ನಾನು ಸರಿಯಿದ್ದೇನೆ ಎಂದಿತು. ಅವಳು ಹಲಗೆಯನ್ನು ಅದರ ಕೆಳಗಿಟ್ಟಳು. ಮೊದಲ ಬೊಟ್ಟು ಹೊಳೆಯಿತು, ಪಕ್ಕದ್ದು ಹೊಳೆಯಿತು, ಇನ್ನೊಂದೆರಡು. ಅಲ್ಲಿಂದಾಚೆಗೆ ಕಪ್ಪು. ಅರ್ಧ ಹಲಗೆಯೇ ಇಲ್ಲವಾಗಿತ್ತು. ಭಾವ ಬಗ್ಗಿ ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ. ಗುಳಿಗಳು ಅಲ್ಲೇ ಇದ್ದವು, ಬಣ್ಣ ಅಲ್ಲೇ ಇತ್ತು.

ಟೈಯನ್ನು ಕರೆಸಿದಳು. ಹೊಲಿಗೆಯವಳ ಆಪರೇಷನ್ನಿನ ದಿನ ಕ್ಯಾಮೆರಾ ಹಿಡಿದಿದ್ದ, ತಿದ್ದದ ಚಿತ್ರ ತೆಗೆಸಿದಳು. ಕೆನ್ನೆಯ ಹಿಂಬದಿಯಲ್ಲಿ, ಹೊಲಿಗೆ ಬಿದ್ದ ಜಾಗದ ಪಕ್ಕದಲ್ಲೇ, ಬೂದು ಮಸುಕು ಸ್ಪಷ್ಟವಾಗಿ ಕೂತಿತ್ತು.

“ಬಳಸುವವರ ಕಡೆಯಿಂದ ದೂರಿತ್ತು ಮೇಡಂ,” ಟೈ ಹೇಳಿದ. “ಮಂಜು ಮಂಜಾಗಿ ಕಾಣುತ್ತೆ, ಸಮಯ ಹಾಳು ಅಂತ. ಅದಕ್ಕೆ ಹೊಳಪಿನ ಕೆಳಗಿನ ಮಟ್ಟ ಕತ್ತರಿಸಿದ್ವಿ. ಎಲ್ಲ ಕಡೆ ಹಾಗೇ ಇದೆ.”

“ತಿರುಗಿಸೋ ಗುಂಡಿ ಎಲ್ಲಿ?”

ಟೈ ಕೆಮ್ಮಿದ. “ಅದು ದೊಡ್ಡ ಮಾಡೆಲ್‌ನಲ್ಲಿದೆ. ಇದು ಸರ್ಕಾರಿ ಆಸ್ಪತ್ರೆಗಳಿಗೆ ಮಾಡಿದ್ದು.”

ಭಾವನಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ಮಸುಕು ಮಾರಾಟಕ್ಕಿತ್ತು. ಗೊತ್ತಿಲ್ಲ ಎಂಬ ಪ್ರಾಮಾಣಿಕ ಮಾತನ್ನು ಕೇಳಬೇಕಾದರೆ ಅದಕ್ಕೆ ಬೇರೆ ದರ. ಜನರಲ್ ವಾರ್ಡಿನ ಬಾಯಿಗಳ ಮೇಲೆ ವರ್ಷಗಟ್ಟಲೆ ಕಲಿತ ಯಂತ್ರ, ಆ ಬಾಯಿಗಳಿಗೇ ಕುರುಡಾಗಿ ವಾಪಸು ಬಂದಿತ್ತು.

ಟಾರ್ಚಮ್ಮ ಅಲ್ಲಿಂದ ನೇರ ವಾರ್ಡಿಗೆ ಹೋದಳು. ಭಾವ ಹಿಂದಿನಿಂದ “ಏನು ಹೇಳ್ತೀಯೇ ಅವಳಿಗೆ, ಸುಮ್ಮನಿರು” ಎಂದು ಬಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಲಿಗೆಯವಳ ಮಂಚದ ಪಕ್ಕ ಕೂತು, ನಿಮ್ಮ ಕೆನ್ನೆಯೊಳಗೆ ಉಳಿದದ್ದು ನನ್ನ ಯಂತ್ರಕ್ಕೆ ಕಂಡಿತ್ತು, ಡಾಕ್ಟರಿಗೆ ಕಾಣದ ಹಾಗೆ ಮುಚ್ಚಿದ್ದರು, ಎಂದು ಬಿಡಿಸಿ ಹೇಳಿದಳು. ಆ ಹೆಂಗಸು ತನ್ನ ಸೂಜಿ ಚುಚ್ಚಿ ಒರಟಾದ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಬಾಯಿ ಪೂರ್ತಿ ತೆರೆಯಲಾಗದೆ, ತೊದಲುತ್ತ ಕೇಳಿದಳು:

“ನನ್ನ ಹಂಗೆ ಇನ್ನೆಷ್ಟು ಜನ ಅಕ್ಕ?”

“ಗೊತ್ತಿಲ್ಲ,” ಎಂದಳು ಟಾರ್ಚಮ್ಮ. “ಎಲ್ಲರನ್ನೂ ಕರೆಸಿ ನೋಡಬೇಕು.”

ಹೊಲಿಗೆಯವಳಿಗೆ ಎರಡನೆಯ ಆಪರೇಷನ್ನನ್ನು ಭಾವ ಬೆರಳನ್ನೇ ನಂಬಿ, ಚೂರು ಚೂರಿಗೂ ಕೆಳಗಿನಿಂದ ಫೋನು ಬರುವವರೆಗೆ ಕಾದು ಮಾಡಿದ. ಅರ್ಧ ಕೆನ್ನೆ ಹೋಯಿತು. ಜೀವ ಉಳಿಯಿತು.

ಡೈರೆಕ್ಟರ ಕೋಣೆಯಲ್ಲಿ ಟಾರ್ಚಮ್ಮ ಎರಡು ಮಾತು ಕೇಳಿದಳು: ಮಟ್ಟವನ್ನು ಮೊದಲಿನಂತೆ ಮಾಡಬೇಕು, ಹೊಸ ಯಂತ್ರದಲ್ಲಿ ಆಪರೇಷನ್ ಆದವರನ್ನೆಲ್ಲ ಕರೆಸಬೇಕು. ಡೈರೆಕ್ಟರು ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸುವವನಲ್ಲ. ಆದ್ದರಿಂದಲೇ ಅವನಿಂದ ಯಾವ ಕೆಲಸವೂ ಆಗುತ್ತಿರಲಿಲ್ಲ.

“ಎಲ್ಲ ಮಾಡೋಣಮ್ಮ. ಬರೋ ವಾರ ಹೊರಗಿನಿಂದ ದೊಡ್ಡ ದೊಡ್ಡವರು ಬರ್ತಿದ್ದಾರೆ, ಯಂತ್ರ ನೋಡೋಕೆ. ಅವರು ಒಪ್ಪಿದ್ರೆ ಎಲ್ಲ ಆಸ್ಪತ್ರೆಗಳಿಗೂ ಹೋಗುತ್ತೆ ನಿಮ್ಮ ಯಂತ್ರ. ನಿಮ್ಮ ಆಯುಸ್ಸಿನ ಕೆಲಸ. ಅದು ಮುಗೀಲಿ. ಈಗ ಬಾಯಿ ಬಿಟ್ರೆ ಕಂಪನಿ ಎದ್ದು ಹೋಗುತ್ತೆ, ಇರೋದೂ ಇಲ್ಲದಂಗಾಗುತ್ತೆ.”

ಅತಿಥಿಗಳು ಬರುವ ಹಿಂದಿನ ರಾತ್ರಿ ಭಾವನೇ ಮಹಡಿ ಹತ್ತಿ ಅವಳ ಬಾಗಿಲಲ್ಲಿ ನಿಂತ.

“ನೋಡು, ಡೈರೆಕ್ಟರು ಹೇಳೋದ್ರಲ್ಲೂ ಹುರುಳಿದೆ. ನಾಳೆ ತಯಾರು ಅಂದುಬಿಡು. ನಾನು ಹೇಗೂ ಬೆರಳಲ್ಲೇ ನೋಡ್ತೀನಿ, ಚೂರು ಕೆಳಗೆ ಕಳಿಸ್ತೀನಿ. ರೋಗಿಗೆ ಏನೂ ಆಗೋಕೆ ಬಿಡಲ್ಲ. ಆಮೇಲೆ ಒಳಗಿಂದ ಜಗಳ ಆಡೋಣ.”

“ಈ ರೋಗಿಗೆ ಆಗಲ್ಲ ಭಾವ, ನೀವಿದ್ದೀರಿ. ಅವರು ಒಪ್ಪಿ ಕೊಂಡುಹೋದ ಕಡೆ ಎಲ್ಲ ನೀವಿರ್ತೀರಾ?”

“ಯಂತ್ರ ನಿಂತುಹೋದ್ರೆ?”

ಅವಳು ಲೆನ್ಸೊಂದನ್ನು ಎತ್ತಿ ಒರೆಸತೊಡಗಿದಳು. ಅವಳ ಮೇಜಿನ ಮೇಲೆ ಬಿಚ್ಚಿದ ಲೆನ್ಸುಗಳು, ಸ್ಕ್ರೂಗಳು, ಹಳೆಯ ಗಾಡಿಯಿಂದ ಉಳಿದ ತಂತಿಗಳು. ಆ ಯಂತ್ರ ಬಿಟ್ಟರೆ ಲೋಕದಲ್ಲಿ ತನ್ನದು ಎನ್ನಲು ಅವಳಿಗೆ ಇದ್ದದ್ದು ಆ ಕೋಣೆ. ಅದೂ ಅಕ್ಕನದು. ಭಾವ ಅದನ್ನೆಲ್ಲ ನೋಡಿ ಮೆಲ್ಲಗೆ ಕೆಳಗಿಳಿದ. “ಏನಂದ್ಲು?” ಎಂದಳು ಹೆಂಡತಿ. “ನಿನ್ನ ತಂಗಿ, ಏನು ಅಂದಾಳು” ಎಂದ.

ಮರುದಿನ ಥಿಯೇಟರಿನ ಗಾಜಿನ ಆಚೆ ಅತಿಥಿಗಳು ಸಾಲಾಗಿ ಕೂತಿದ್ದರು. ಡೈರೆಕ್ಟರು ಅವರ ನಡುವೆ ಮೈಕು ಹಿಡಿದಿದ್ದ. ಮೇಜಿನ ಮೇಲೆ ಬಸ್ ಕಂಡಕ್ಟರೊಬ್ಬ ಮಲಗಿದ್ದ, ನಾಲಿಗೆಯ ಅಂಚಿನಲ್ಲಿ ಗೆಡ್ಡೆ, ಇನ್ನೂ ಎಚ್ಚರವಾಗಿದ್ದ. ಅಷ್ಟು ಜನರನ್ನು ಕಂಡು ಅವನು ಹೆಡ್ ಸಿಸ್ಟರನ್ನು ಕೇಳಿದ, “ಇವರೆಲ್ಲ ಟಿಕೆಟ್ ತಗೊಂಡಿದ್ದಾರಾ ಸಿಸ್ಟರ್?” ಸಿಸ್ಟರ್ ಅವನ ಹೆಗಲು ತಟ್ಟಿದಳು. ಟೈ ಯಂತ್ರವನ್ನು ಸದ್ದಿಲ್ಲದೆ ಜಾರಿಸಿ ತಂದು ನಿಲ್ಲಿಸಿದ. ಹಸಿರು ಗುರುತು ಹೊತ್ತಿತು.

ಟಾರ್ಚಮ್ಮ ಬೊಟ್ಟಿನ ಹಲಗೆಯನ್ನು ಅದರ ಕೆಳಗಿಟ್ಟಳು. ಗಾಜಿನಾಚೆಯವರಿಗೂ ಪರದೆ ಕಾಣುತ್ತಿತ್ತು. ಅರ್ಧ ಹಲಗೆ ಕಪ್ಪು.

ಅರಿವಳಿಕೆಯವರು ಸೂಜಿ ಹಿಡಿದು ಅವಳ ಮುಖ ನೋಡಿದರು.

“ಹೇಳಿ ಮೇಡಂ, ತಯಾರಾ?” ಮೈಕಿನಲ್ಲಿ ಡೈರೆಕ್ಟರ ದನಿ.

“ಇಲ್ಲ.”

“ಯಂತ್ರ ಹಸಿರು ತೋರಿಸ್ತಿದೆಯಲ್ಲಮ್ಮ.”

“ಯಂತ್ರ ಏನಾದ್ರೂ ತೋರಿಸಲಿ. ಇದು ಅರ್ಧ ಕುರುಡು. ಕುರುಡು ಮಾಡಿದ್ದಾರೆ. ಇದಕ್ಕೆ ನಾನು ತಯಾರು ಅನ್ನಲ್ಲ, ಇವತ್ತೂ ಅನ್ನಲ್ಲ, ಎಲ್ಲೂ ಅನ್ನಲ್ಲ.”

ಗಾಜಿನಾಚೆ ತಲೆಗಳು ಒಂದಕ್ಕೊಂದು ಹತ್ತಿರ ಬಂದು ಪಿಸುಗುಟ್ಟತೊಡಗಿದವು. ಟೈ ಹಲಗೆಯನ್ನು ಎತ್ತಲು ಕೈ ಚಾಚಿದ. ಹೆಡ್ ಸಿಸ್ಟರ್ ನಡುವೆ ಬಂದು ನಿಂತು, ಕೈ ತೊಳೆದಿದ್ದೀರಾ ಎಂದು ಕೇಳಿದಳು. ಡೈರೆಕ್ಟರು ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ.

“ಡಾಕ್ಟರೇ,” ಎಂದ, ಈ ಸಲ ಭಾವನಿಗೆ, “ಅವರಿಗೆ ಸುಸ್ತಾಗಿರಬೇಕು. ಸ್ವಲ್ಪ ಆಚೆ ಕಳಿಸಿಕೊಡಿ. ನೀವು ಯಂತ್ರ ಇಟ್ಕೊಂಡು ಶುರು ಮಾಡಿ.”

ಭಾವ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ನಿಂತಿದ್ದ. ಕಂಡಕ್ಟರನ ಕಣ್ಣು ಅವನ ಮೇಲಿತ್ತು, ಸಿಸ್ಟರಿನದು ಅವನ ಮೇಲಿತ್ತು. ಟಾರ್ಚಮ್ಮ ಮಾತ್ರ ಅವನ ಕಡೆ ನೋಡಲಿಲ್ಲ. ಅವಳು ಪರದೆಯ ಕಪ್ಪನ್ನೇ ನೋಡುತ್ತಿದ್ದಳು.

“ಕಳಿಸಲ್ಲ,” ಎಂದ ಭಾವ. “ಆಪರೇಷನ್ ಮಾಡ್ತೀನಿ. ಆಚೆ ಹೋಗಬೇಕಾದ್ದು ಯಂತ್ರ.”